ಡಾಕ್ಟರು ಬ್ರೇಕ್ ಬಿಚ್ಚಿದ ಭಾನುವಾರ

ತಮ್ಮ ಕಾರಿನ ಬ್ರೇಕುಗಳನ್ನು ಕೈಯಾರೆ ತಾವೇ ಬದಲಾಯಿಸುವುದಾಗಿ ಹಲ್ಲಿನ ಡಾಕ್ಟರು ಘೋಷಿಸಿದ್ದು ಶುಕ್ರವಾರ ಬೆಳಿಗ್ಗೆ, ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಬಾಯಿ ತುಂಬ ನೊರೆ ಇಟ್ಟುಕೊಂಡು. ಹಾಗಾಗಿ ಆ ಐತಿಹಾಸಿಕ ಘೋಷಣೆ ಹೆಂಡತಿಯ ಕಿವಿಗೆ ಬಿದ್ದದ್ದು ಹೀಗೆ: "ಬ್ಬೇಕು ನ್ನಾನೇ ಬ್ಬದ್ಲಾಯಿಸ್ತೀನಿ!"

"ಏನು ಬೇಕು?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದರು.

"ಬ್ಬೇಕಲ್ಲ, ಬ್ಬೇಕು!"

"ಬೇಕೋ ಬೇಡವೋ ಸರಿಯಾಗಿ ಹೇಳಿ. ಮೊದಲು ಬಾಯಿ ಮುಕ್ಕಳಿಸಿ."

ದಿನಕ್ಕೆ ಮೂವತ್ತು ಜನರಿಗೆ "ಬಾಯಿ ಮುಕ್ಕಳಿಸಿ" ಎಂದು ಅಪ್ಪಣೆ ಕೊಡುವ ಡಾಕ್ಟರಿಗೆ ತಮ್ಮ ಮನೆಯಲ್ಲೇ ಅದೇ ಮಾತು ಕೇಳಬೇಕಾಗಿ ಬಂದದ್ದು ಸರಿಬರಲಿಲ್ಲ. ಆದರೂ ಮುಕ್ಕಳಿಸಿ ಬಂದರು. ಟವೆಲನ್ನು ಹೆಗಲ ಮೇಲೆ ಶಾಲಿನ ಹಾಗೆ ಎಳೆದುಕೊಂಡರು.

"ನೋಡು, ಇಪ್ಪತ್ತೆರಡು ವರ್ಷದಿಂದ ಜನರ ಬಾಯೊಳಗೆ, ಕತ್ತಲಲ್ಲಿ, ನಾಲಿಗೆ ಅಡ್ಡ ಬರ್ತಿದ್ರೂ, ಕೂದಲೆಳೆ ಅಗಲದ ಕೆಲಸ ಮಾಡ್ತಿರೋ ಕೈ ಇದು. ಬಯಲಲ್ಲಿರೋ ಚಕ್ರ ಬಿಚ್ಚಿ ಎರಡು ಬಿಲ್ಲೆ ಬದಲಾಯಿಸೋಕೆ ಆಗಲ್ವಾ? ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರು. ಹತ್ತಕ್ಕೆ ಮುಗೀತು!"

ಹೆಂಡತಿಯ ಬಲಗೈ ಬೆರಳುಗಳು ಅಡುಗೆಕಟ್ಟೆಯ ಮೇಲೆ ಪುಟ್ಟ ಪುಟ್ಟ ಕೊಕ್ಕೆಗಳನ್ನು ಬರೆಯುತ್ತಿದ್ದವು. ಆಕೆ ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಹನ್ನೊಂದು ವರ್ಷದಿಂದ ವಕೀಲರು ಆಡಿದ್ದನ್ನೆಲ್ಲ ಬಿಡದೆ ಬರೆದುಕೊಂಡ ಬೆರಳುಗಳು ಅವು. ಎದುರಿಗೆ ಯಾರೇ ಮಾತಾಡಲಿ, ತಾವಾಗಿಯೇ ಓಡುತ್ತಿದ್ದವು. ಈ ಕಾರಣಕ್ಕೆ ಆ ಮನೆಯಲ್ಲಿ ಡಾಕ್ಟರು "ನಾನು ಹಾಗೆ ಅಂದೇ ಇಲ್ಲ" ಎಂಬ ವಾಕ್ಯವನ್ನು ಬಳಸುವುದು ಬಿಟ್ಟು ಬಹಳ ವರ್ಷಗಳಾಗಿದ್ದವು.

"ಭಾನುವಾರ ಎರಡು ಗಂಟೆಗೆ ನನ್ನ ಪರೀಕ್ಷೆ," ಎಂದರು ಹೆಂಡತಿ. "ಒಂದೂವರೆಗೆ ಅಲ್ಲಿರಬೇಕು. ಒಂದು ನಿಮಿಷ ತಡ ಆದ್ರೂ ಬಾಗಿಲು ಹಾಕ್ತಾರೆ."

"ಹತ್ತಕ್ಕೆ ಮುಗೀತು ಅಂದ್ನಲ್ಲ! ಹನ್ನೆರಡೂವರೆಗೆ ಹೊಸ ಬ್ರೇಕಿನ ಕಾರಲ್ಲಿ ರಾಣಿ ಥರ ಹೋಗ್ತೀಯ."

ಪರೀಕ್ಷೆ ಸಣ್ಣದಲ್ಲ. ಗೆದ್ದರೆ ದೊಡ್ಡ ಕೋರ್ಟಿಗೆ ಬಡ್ತಿ, ಸ್ವಂತ ಮೇಜು, ಸ್ವಂತ ಕಿಟಕಿ. ಹೋದ ಸಲ ಮೂರೇ ಮೂರು ಪದಗಳಲ್ಲಿ ತಪ್ಪಿಹೋಗಿತ್ತು. ಆ ಮೂರು ಪದಗಳನ್ನು ಆಕೆ ಈಗಲೂ ನಿದ್ದೆಯಲ್ಲಿ ಬಡಬಡಿಸುತ್ತಿದ್ದರು.

ಈ ಕಾರಿನ ವಿಷಯವನ್ನು ಸ್ವಲ್ಪ ಹೇಳಬೇಕು. ಅದು ಹೈಬ್ರಿಡ್, ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ಮೆತ್ತಗೆ ಓಡಿಸಿದರೆ ಸ್ಟೀರಿಂಗಿನ ಮುಂದಿನ ಪರದೆಯಲ್ಲಿ ಹಸಿರು ಎಲೆಗಳು ಒಂದೊಂದಾಗಿ ಚಿಗುರುತ್ತವೆ. ಜೋರಾಗಿ ಬ್ರೇಕ್ ಒತ್ತಿದರೆ ಉದುರುತ್ತವೆ. ಡಾಕ್ಟರಿಗೆ ಈ ಎಲೆಗಳ ಹುಚ್ಚು ಹಿಡಿದು ಎರಡು ವರ್ಷವಾಗಿತ್ತು. ಸಿಗ್ನಲ್ ಇನ್ನೂ ಅರ್ಧ ಫರ್ಲಾಂಗು ದೂರವಿರುವಾಗಲೇ ಕಾಲು ತೆಗೆದುಬಿಡುವರು. ಕಾರು ತಾನಾಗಿ ನಿಧಾನವಾಗುತ್ತ, ಬ್ಯಾಟರಿ ತುಂಬಿಸಿಕೊಳ್ಳುತ್ತ, ತುಂಬುಗರ್ಭಿಣಿಯ ಹಾಗೆ ಸಿಗ್ನಲ್ ತಲುಪುವ ಹೊತ್ತಿಗೆ ದೀಪ ಮತ್ತೆ ಹಸಿರಾಗಿರುತ್ತಿತ್ತು. ಹಿಂದಿನ ಗಾಡಿಗಳ ಹಾರ್ನನ್ನು ಡಾಕ್ಟರು ಚಪ್ಪಾಳೆ ಎಂದೇ ಭಾವಿಸಿದ್ದರು. "ಬ್ರೇಕ್ ಒತ್ತೋದು ಮುಂದಾಲೋಚನೆ ಇಲ್ಲದವರ ಕೆಲಸ," ಎನ್ನುವುದು ಅವರ ಸಿದ್ಧಾಂತ.

ಹೆಂಡತಿ ಓಡಿಸುವ ರೀತಿಯೇ ಬೇರೆ. ನಿಲ್ಲಬೇಕಾದ ಜಾಗ ಬಂದಾಗ ನಿಲ್ಲಿಸುವುದು. ಗಕ್!

"ಒಂದೇ ಏಟಿಗೆ ಐದು ಎಲೆ ಉದುರಿಸಿದೆಯಲ್ಲೇ!" ಎಂದು ಡಾಕ್ಟರು ಒಂದು ದಿನ ಎದೆ ಹಿಡಿದುಕೊಂಡಿದ್ದರು. ಅಂದಿನಿಂದ ಕಾರಿನ ಕೀ ಅವರ ಜೇಬಿನಲ್ಲಿ. ಆಕೆ ಕೋರ್ಟಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ.

ಹೀಗಿರುವಾಗ ಒಂದು ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಂತೆ ಚಕ್ರದ ಕಡೆಯಿಂದ ಸದ್ದು ಕೇಳಿಸಿತು. ಕರ್ರ್ರ್! ತಳ ಹಿಡಿದ ಪಾತ್ರೆಯನ್ನು ಸೌಟಿನಲ್ಲಿ ಕೆರೆದ ಹಾಗೆ. ಮರುದಿನವೂ ಕರ್ರ್ರ್. ಮೂರನೆಯ ದಿನ ಪಕ್ಕದ ಮನೆಯ ಇಂಜಿನ್ ಮಾವ ಕಾಂಪೌಂಡಿನ ಮೇಲೆ ತಲೆ ಹಾಕಿದರು. ನಲವತ್ತು ವರ್ಷ ರೈಲು ಓಡಿಸಿ ನಿವೃತ್ತರಾದ ಅವರನ್ನು ಇಡೀ ಬೀದಿ ಹಾಗೆಯೇ ಕರೆಯುತ್ತಿತ್ತು.

"ಡಾಕ್ಟ್ರೇ, ಬ್ರೇಕ್ ಹೋಯ್ತು ನಿಮ್ದು. ಸದ್ದಲ್ಲೇ ಹೇಳ್ತೀನಿ."

ಡಾಕ್ಟರು ಕಂಪನಿಯ ಸರ್ವೀಸ್ ಸೆಂಟರಿಗೆ ಧಾವಿಸಿದರು. ಅಲ್ಲಿ ಟೈ ಕಟ್ಟಿದ ಸಲಹೆಗಾರನೊಬ್ಬ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಚಕ್ರ ಬಿಚ್ಚಲಿಲ್ಲ, ಬಗ್ಗಿ ನೋಡಲಿಲ್ಲ. ನೇರ ಒಂದು ಪಟ್ಟಿ ಹೊರಗೆ ಬಂತು: ನಾಲ್ಕೂ ಚಕ್ರದ ಪ್ಯಾಡು, ಆ ಪ್ಯಾಡು ಒತ್ತಿ ಹಿಡಿಯುವ ನಾಲ್ಕೂ ಡಿಸ್ಕು, ಬ್ರೇಕ್ ಎಣ್ಣೆ, ಮೇಲೆ 'ಹೈಬ್ರಿಡ್ ವಿಶೇಷ ತಪಾಸಣೆ'. ಕೆಳಗಿದ್ದ ಮೊತ್ತ ಕ್ಲಿನಿಕ್ಕಿನ ಮೂರು ತಿಂಗಳ ಬಾಡಿಗೆಯಷ್ಟು.

"ಎಲ್ಲವೂ ಬದಲಾಯಿಸಲೇಬೇಕಾ?"

"ನಿಮ್ಮಿಷ್ಟ ಸಾರ್," ಎಂದ ಸಲಹೆಗಾರ ಮೃದುವಾಗಿ. "ಆದ್ರೆ ಈಗ ಬಿಟ್ರೆ ಮುಂದೆ ತುಂಬಾ ಕಷ್ಟ ಆಗುತ್ತೆ. ನಿಮ್ಮ ಫ್ಯಾಮಿಲಿ ಬಗ್ಗೆ ಯೋಚನೆ ಮಾಡಿ."

ಡಾಕ್ಟರು ಬೆಚ್ಚಿದರು. ಆ ಸ್ವರ, ಆ ತಲೆ ಓಲಿಸುವಿಕೆ, ಆ ಅನುಕಂಪ! ಸಾಕ್ಷಾತ್ ಅವರದೇ. ಒಂದು ಹಲ್ಲು ತೋರಿಸಲು ಬಂದವರಿಗೆ ನಾಲ್ಕು ಹಲ್ಲಿನ ಲೆಕ್ಕ ಕೊಡುವಾಗ ಅವರು ಬಳಸುತ್ತಿದ್ದ ಸ್ವರವೇ ಅದು! ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೊರಬಿದ್ದರು.

ಮುಂದಿನ ಬೀದಿಯ ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. "ಕರೆಂಟ್ ಗಾಡೀನಾ? ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಸಾರ್," ಎಂದು ಮುಚ್ಚಿದ.

ಕೊನೆಗೆ ಯಾರೋ ಗ್ಯಾರೇಜಿನಕ್ಕನ ವಿಳಾಸ ಕೊಟ್ಟರು. ಐವತ್ತರ ಆಸುಪಾಸಿನ ಹೆಂಗಸು, ನೀಲಿ ಕೋಟು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಆಕೆ ಕೇಳಿದ್ದು ಎರಡೇ ಪ್ರಶ್ನೆ.

"ಸದ್ದು ದಿನವಿಡೀ ಬರುತ್ತಾ, ಬೆಳಿಗ್ಗೆ ಮಾತ್ರಾನಾ?"

"ಬೆಳಿಗ್ಗೆ."

"ಕಾರು ಓಡಿಸೋದು ಯಾರು?"

"ನಾನೇ. ಎಷ್ಟಾಗುತ್ತೆ ಹೇಳಿ."

"ಬಿಚ್ಚಿ ನೋಡದೆ ಹೇಗೆ ಹೇಳಲಿ ಸಾರ್? ಸೋಮವಾರ ತನ್ನಿ. ಬದಲಾಯಿಸ್ಬೇಕೋ ಬೇಡವೋ ಆಮೇಲೆ."

ನೋಡಿ ಹೇಳುತ್ತೇನೆ ಎನ್ನುವವರ ಮೇಲೆ ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಬದಲಾಯಿಸುವುದಂತೂ ಖಚಿತ ಎಂದು ಅವರು ಆಗಲೇ ತೀರ್ಮಾನಿಸಿಯಾಗಿತ್ತು. ಉಳಿದದ್ದು ಅಗ್ಗವಾಗಿ ಹೇಗೆ ಎಂಬುದೊಂದೇ. ಗುರುವಾರ ಸಂಜೆ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಒಬ್ಬಾತ ಹಾಡು ಗುನುಗುತ್ತ ಹದಿನಾಲ್ಕೇ ನಿಮಿಷದಲ್ಲಿ ಕೆಲಸ ಮುಗಿಸಿದ್ದ. ಶನಿವಾರ ಬಿಡಿಭಾಗದ ಅಂಗಡಿಯಿಂದ ಹೊಸ ಪ್ಯಾಡುಗಳು ಮನೆಗೆ ಬಂದವು.

ಭಾನುವಾರ ಎಂಟಕ್ಕೆ ಸರಿಯಾಗಿ ಡಾಕ್ಟರು ರಣರಂಗಕ್ಕಿಳಿದರು. ಮೈಗೆ ಕ್ಲಿನಿಕ್ಕಿನ ಹಸಿರು ಅಂಗಿ, ಕೈಗೆ ರಬ್ಬರ್ ಗ್ಲೌಸು, ಹಣೆಯ ಮೇಲೆ ಹಲ್ಲಿನ ತೂತು ಹುಡುಕುವ ಭೂತಗನ್ನಡಿಯ ಕನ್ನಡಕ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಸ್ಪ್ಯಾನರುಗಳನ್ನು ಗಾತ್ರಕ್ಕನುಸಾರವಾಗಿ ಜೋಡಿಸಿದರು. ಮುಂದಿನ ಬಲಗಡೆಯನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದರು. ಬಂತು! ಚಕ್ರ ಕೈಗೆ ಬಂತು!

"ಏ, ಬಾ ಇಲ್ಲಿ! ಒಂದು ಫೋಟೋ ತೆಗಿ!"

ಒಳಗೆ ಹೆಂಡತಿ ರೆಕಾರ್ಡ್ ಮಾಡಿಟ್ಟ ಭಾಷಣ ಹಾಕಿಕೊಂಡು ನಿಮಿಷಕ್ಕೆ ನೂರಿಪ್ಪತ್ತು ಪದಗಳ ವೇಗದಲ್ಲಿ ಬರೆಯುತ್ತಿದ್ದರು. ಬರಲಿಲ್ಲ. ಫೋಟೋ ತೆಗೆದವರು ಇಂಜಿನ್ ಮಾವ. ಅದರಲ್ಲಿ ಅವರದೇ ಹೆಬ್ಬೆರಳು ಚೆನ್ನಾಗಿ ಬಂದಿತ್ತು.

ಹುರುಪಿನಲ್ಲಿ ಡಾಕ್ಟರು ಮುಂದುವರಿದರು. ಡಿಸ್ಕನ್ನು ಇಕ್ಕಳದ ಹಾಗೆ ಹಿಡಿದಿದ್ದ ಕ್ಯಾಲಿಪರ್ ಬಿಚ್ಚಿ, ದಾರದಲ್ಲಿ ಕಟ್ಟಿ ತೂಗಿಬಿಟ್ಟರು. ಹಳೆಯ ಪ್ಯಾಡುಗಳನ್ನು ಹೊರಗೆಳೆದರು. "ಒಂದು ಚೂರೂ ರಕ್ತ ಇಲ್ಲ ನೋಡಿ ಮಾವ!" ಎಂದು ಬೀಗಿದರು. ಆಮೇಲೆ ಮುಂದೇನು ಎಂದು ತಿಳಿಯಲು ವಿಡಿಯೋ ಮುಂದಕ್ಕೆ ಓಡಿಸಿದರು. ಹಾಡು ಗುನುಗುತ್ತಿದ್ದಾತ ತಟ್ಟನೆ ಗಂಭೀರನಾಗಿ ಹೇಳಿದ: ಹೈಬ್ರಿಡ್ ಕಾರಾಗಿದ್ದರೆ ಎಲ್ಲಕ್ಕಿಂತ ಮೊದಲು ಡಿಕ್ಕಿಯಲ್ಲಿರುವ ಸಣ್ಣ ಬ್ಯಾಟರಿಯ ವೈರ್ ಕಳಚಿಡಿ. ಇಲ್ಲದಿದ್ದರೆ ಬಾಗಿಲು ತೆಗೆದರೂ ಸಾಕು, ಬ್ರೇಕಿನ ಪಂಪು ತಾನಾಗಿ ಎಚ್ಚರವಾಗಿ ನಿಮ್ಮ ಬೆರಳು ಕಚ್ಚೀತು!

ಬೆರಳೇ ಡಾಕ್ಟರ ಬಂಡವಾಳ. ಓಡಿಹೋಗಿ ಡಿಕ್ಕಿ ತೆರೆದು, ವೈರ್ ಕಳಚಿ, ಅದರ ತುದಿಗೆ ಹತ್ತಿ ಸುತ್ತಿದರು. ಸ್ಪ್ಯಾನರನ್ನು ಅಲ್ಲೇ ಇಟ್ಟರು. ಕೀ ಇಟ್ಟರು. ವಿಡಿಯೋ ತೋರಿಸುತ್ತಿದ್ದ ಫೋನನ್ನೂ ಇಟ್ಟರು. ಕೆಲಸ ಮುಗಿದ ಮೇಲೆ ಡ್ರಾಯರ್ ಮುಚ್ಚುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಡಿಕ್ಕಿಯನ್ನೂ ಮುಚ್ಚಿದರು. ಟಪ್!

ಡಾಕ್ಟರು ಖಾಲಿ ಕೈ ಒರೆಸಿಕೊಂಡರು.

"ಡಿಕ್ಕಿ ತೆಗೆಯೋದು ಹೇಗೆ ಡಾಕ್ಟ್ರೇ?" ಎಂದು ಇಂಜಿನ್ ಮಾವ ಕೇಳಿದರು.

"ಬಟನ್ ಒತ್ತಿದ್ರೆ... ಕರೆಂಟಲ್ಲಿ..."

"ಕರೆಂಟ್ ಎಲ್ಲಿದೆ?"

"...ಡಿಕ್ಕಿಯಲ್ಲಿ."

ಡಾಕ್ಟರು ಎದೆಗುಂದಲಿಲ್ಲ. ಹಿಂದಿನ ಬಾಗಿಲಿಗೆ ಬೀಗ ಬಿದ್ದಿರಲಿಲ್ಲ. ಹಿಂದಿನ ಸೀಟಿನ ಬೆನ್ನನ್ನು ಮಡಚಿದರೆ ಡಿಕ್ಕಿಗೆ ಒಂದು ಕಿಂಡಿಯಾಗುತ್ತದೆ. ಒಳಗಿನಿಂದ ಬಾಗಿಲು ತೆರೆಯಲು ಒಂದು ಪುಟ್ಟ ಹಿಡಿ ಇರುತ್ತದೆ. ಕಿಂಡಿಯೊಳಗೆ ತಲೆ ಹೋಯಿತು. ಹೆಗಲು ಹೋಯಿತು. ಹೊಟ್ಟೆ ಮಾತ್ರ ತನಗೆ ಈ ಯೋಜನೆ ಒಪ್ಪಿಗೆಯಿಲ್ಲವೆಂದು ಅಲ್ಲೇ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎರಡೂ ಕೈ ಪಕ್ಕೆಗೆ ಒತ್ತಿಕೊಂಡು ಡಾಕ್ಟರು ಬಾಟಲಿಯ ಬಿರಡೆಯಾದರು.

ಅದೇ ಹೊತ್ತಿಗೆ ಮೂಗಿನ ಕೆಳಗೆ ಫೋನ್ ಬಡಿದುಕೊಂಡಿತು. ಮೂಗಿನಿಂದಲೇ ಒತ್ತಿದರು.

"ಹತ್ತೂವರೆ ಆಯ್ತು," ಹೆಂಡತಿಯ ದನಿ. "ತಿಂಡಿ ಆರಿಹೋಯ್ತು. ಎಲ್ಲಿದೀರಿ?"

"ಡಿಕ್ಕಿಯಲ್ಲಿ!"

"ಅಯ್ಯೋ! ಯಾರಿಗೆ ಡಿಕ್ಕಿ ಹೊಡೆದ್ರಿ?"

"ಹೊಡೆದಿಲ್ಲ ಕಣೇ, ಡಿಕ್ಕಿಯಲ್ಲಿ ಸಿಕ್ಕಿಕೊಂಡಿದೀನಿ!"

"ಯಾರ ಜೊತೆ? ಪೆಟ್ಟಾಯ್ತಾ? ಮೂರೇ ಚಕ್ರದಲ್ಲಿ ಹೇಗೆ ಹೋದ್ರಿ ಅಷ್ಟು ದೂರ?"

"ಎಲ್ಲೂ ಹೋಗಿಲ್ಲ! ಮನೆ ಮುಂದೇ ಇದೀನಿ! ಕಾರಿನ ಡಿಕ್ಕಿ! ಅರ್ಧ ಒಳಗೆ, ಅರ್ಧ ಹೊರಗೆ!"

ಆ ಕಡೆ ಸ್ವಲ್ಪ ಹೊತ್ತು ಪೆನ್ಸಿಲ್ ಓಡುವ ಸದ್ದು. ಕೈಗೆ ಅಭ್ಯಾಸ. ನಂತರ ಕುರ್ಚಿ ಎಳೆದ ಸದ್ದು.

ಹೆಂಡತಿ ಹೊರಗೆ ಬಂದಾಗ ಕಾರಿನ ಹಿಂಬಾಗಿಲಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಇಂಜಿನ್ ಮಾವ ಅವುಗಳ ಎದುರು ಸೊಂಟದ ಮೇಲೆ ಕೈಯಿಟ್ಟು ಪರಿಶೀಲಿಸುತ್ತಿದ್ದರು.

"ಎಳೀರಿ ಮಾವ," ಎಂದರು ಹೆಂಡತಿ.

"ಎಳೀಬಾರದು ತಾಯಿ. ಕಾರು ಸ್ಟ್ಯಾಂಡಿನ ಮೇಲಿದೆ, ಜಗ್ಗಿದ್ರೆ ಕೆಳಗೆ ಬೀಳ್ತದೆ. ಬೋಗಿ ಸಿಕ್ಕಿಕೊಂಡ್ರೆ ನಾವು ಎಳೀತಿರಲಿಲ್ಲ, ಹಿಂದಿಂದ ಮೆತ್ತಗೆ ತಳ್ತಿದ್ವಿ."

ಬೇಡ ಬೇಡ ಎಂದು ಡಿಕ್ಕಿಯೊಳಗಿಂದ ಬಂದ ಕೂಗು ಸ್ಪಷ್ಟವಾಗಲಿಲ್ಲ. ಮಾವ ತಳ್ಳಿದರು. ಡಾಕ್ಟರು ಪುಳಕ್ಕನೆ ಪೂರ್ತಿ ಒಳಗೆ ಹೋದರು. ಮಡಚಿದ ಸೀಟು ಸ್ಪ್ರಿಂಗಿನಿಂದ ಮೇಲೆದ್ದು ಕಟಕ್ ಎಂದು ಕಚ್ಚಿಕೊಂಡಿತು. ಈಗ ಡಿಕ್ಕಿಯಲ್ಲಿ ಬ್ಯಾಟರಿ, ಸ್ಪ್ಯಾನರು, ಕೀ, ಫೋನು, ಮತ್ತು ಡಾಕ್ಟರು!

ಕತ್ತಲಲ್ಲಿ ತಡಕಾಡಿ ಆ ಪುಟ್ಟ ಹಿಡಿ ಸಿಕ್ಕಲು ಹತ್ತು ನಿಮಿಷ ಹಿಡಿಯಿತು. ಡಿಕ್ಕಿ ತೆರೆದುಕೊಂಡಾಗ ಬೆಳಕಿನಲ್ಲಿ ಎದುರಿಗೆ ನಿಂತಿದ್ದವರು ಹೆಂಡತಿ. ಕೈಯಲ್ಲಿ ಗಡಿಯಾರ.

"ಹನ್ನೊಂದು ಗಂಟೆ," ಎಂದಷ್ಟೇ ಅಂದರು.

ಬೈದಿದ್ದರೆ ಡಾಕ್ಟರಿಗೆ ಧೈರ್ಯ ಬರುತ್ತಿತ್ತು. ಆಕೆ ಬೈಯಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಪರೀಕ್ಷೆಗೆಂದು ಮೊನ್ನೆಯೇ ಇಸ್ತ್ರಿ ಮಾಡಿಟ್ಟಿದ್ದ ಸೀರೆ ಉಟ್ಟು, ಆರು ಪೆನ್ಸಿಲ್ ಕೆತ್ತಿ ಚೀಲಕ್ಕೆ ಹಾಕಿಕೊಂಡು ಸಿದ್ಧರಾಗಿ ನಿಂತಿದ್ದರು. ಡಾಕ್ಟರು ಡಿಕ್ಕಿಯಿಂದ ಕೆಳಗಿಳಿದರು.

"ಹೊಸದು ಬೇಡ. ಹಳೇ ಪ್ಯಾಡನ್ನೇ ವಾಪಸ್ ಹಾಕಿಬಿಡ್ತೀನಿ. ಅರ್ಧ ಗಂಟೆ! ಖಂಡಿತ ಕರ್ಕೊಂಡು ಹೋಗ್ತೀನಿ!" ಎಂದರು.

ಮೊದಲು ಪ್ಯಾಡು, ಆಮೇಲೆ ಬ್ಯಾಟರಿ. ಅದೇ ಸರಿಯಾದ ಕ್ರಮ. ಆದರೆ ಡಾಕ್ಟರು ನಿಂತಿದ್ದದ್ದು ಬ್ಯಾಟರಿಯ ಪಕ್ಕದಲ್ಲಿ, ಸ್ಪ್ಯಾನರು ಸಿಕ್ಕಿದ್ದೂ ಅಲ್ಲೇ. ಇದನ್ನು ಮುಗಿಸಿಯೇಬಿಡೋಣವೆಂದು ವೈರ್ ಸಿಕ್ಕಿಸಿದರು.

ಪೇಂ ಪೇಂ ಪೇಂ ಪೇಂ! ಕಳ್ಳ ಬಂದನೆಂದು ಕಾರು ಲಬೋಲಬೋ ಹೊಡೆದುಕೊಳ್ಳತೊಡಗಿತು. ನಾಲ್ಕೂ ದೀಪ ಮಿಟುಕಿದವು. ಎದುರು ಮನೆಯ ನಾಯಿ ಜೊತೆಗೂಡಿತು. ಇಡೀ ಬೀದಿಯ ಕಿಟಕಿಗಳಲ್ಲಿ ತಲೆ.

"ನಿಲ್ಲಿಸ್ತೀನಿ ಇರಿ!" ಎಂದು ಇಂಜಿನ್ ಮಾವ ಚಾಲಕನ ಬಾಗಿಲು ತೆಗೆದು ಒಳಗೆ ಹಾರಿ ಕುಳಿತರು. ನಲವತ್ತು ವರ್ಷ ಅಪಾಯದ ಸದ್ದು ಕೇಳಿದಾಗಲೆಲ್ಲ ಅವರು ಮಾಡಿದ್ದು ಒಂದೇ ಕೆಲಸ. ಅದನ್ನೇ ಈಗಲೂ ಮಾಡಿದರು. ಬಲವೆಲ್ಲ ಬಿಟ್ಟು ಬ್ರೇಕ್ ಒತ್ತಿದರು.

ಹಿಡಿಯಲು ಪ್ಯಾಡಿಲ್ಲ, ಡಿಸ್ಕಿಲ್ಲ. ದಾರದಲ್ಲಿ ತೂಗುತ್ತಿದ್ದ ಕ್ಯಾಲಿಪರಿನೊಳಗಿಂದ ಲೋಹದ ಬಿರಡೆ ಪಟಾರನೆ ಚಿಮ್ಮಿ ಹೂವಿನ ಕುಂಡ ಸೇರಿತು. ಹಿಂದೆಯೇ ಬ್ರೇಕ್ ಎಣ್ಣೆ ಸುರಿಯಿತು. ಡಾಕ್ಟರು ಓಡಿಬಂದು ಮಾಡಿದ ಮೊದಲ ಕೆಲಸವೇನೆಂದರೆ, ಆ ತೂತಿಗೆ ಹತ್ತಿಯುಂಡೆ ತುರುಕಿ "ಕಚ್ಚಿ ಹಿಡಿ, ಕಚ್ಚಿ ಹಿಡಿ" ಎಂದದ್ದು!

"ಗಾಡಿ ನಿಲ್ತಾ?" ಎಂದು ಮಾವ ಒಳಗಿನಿಂದ ಕೇಳಿದರು.

"ನಿಂತಿತು ಮಾವ," ಎಂದರು ಡಾಕ್ಟರ ಹೆಂಡತಿ. "ಇನ್ನು ಹೊರಡಲ್ಲ."

ಕೀಯ ಗುಂಡಿ ಒತ್ತಿ ಪೇಂ ಪೇಂ ನಿಲ್ಲಿಸಿ ಟ್ಯಾಕ್ಸಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಕಾಯಬೇಕೆಂದರು. ಮುಕ್ಕಾಲು ಗಂಟೆಯಾದ ಮೇಲೆ ಇನ್ನೂ ಒಂದು ಗಂಟೆ ಎಂದರು. ಬಸ್ಸು ಭಾನುವಾರ ಎರಡು ತಾಸಿಗೊಂದು, ಆಗಷ್ಟೇ ಒಂದು ಹೋಗಿತ್ತು. ಗಡಿಯಾರ ಹನ್ನೆರಡೂ ಕಾಲು ದಾಟಿತು. ಡಾಕ್ಟರು ಮಾನ ಮರ್ಯಾದೆ ಎಲ್ಲ ಕಟ್ಟಿಟ್ಟು ಗ್ಯಾರೇಜಿನಕ್ಕನ ಅಂಗಡಿಯ ನಂಬರಿಗೆ ಕರೆ ಮಾಡಿದರು. ಆಕೆ ಭಾನುವಾರವೂ ಫೋನ್ ಎತ್ತಿದರು. ಇಪ್ಪತ್ತೇ ನಿಮಿಷದಲ್ಲಿ ಗಾಡಿ ಹೊರುವ ಲಾರಿ ತಂದು ನಿಲ್ಲಿಸಿದರು.

ಕಾರು ಲಾರಿಯ ಬೆನ್ನೇರಿತು. ಪರೀಕ್ಷೆಯ ಜಾಗ ಗ್ಯಾರೇಜಿನ ದಾರಿಯಲ್ಲೇ. ಲಾರಿ ಓಡಿಸುತ್ತಿದ್ದ ಗ್ಯಾರೇಜಿನಕ್ಕ ಸೇರಿ ಮೂವರೂ ಮುಂದಿನ ಸೀಟಿನಲ್ಲಿ ಇಕ್ಕಟ್ಟಾಗಿ ಕುಳಿತರು. ನಡುವೆ ಹೆಂಡತಿ, ಮಡಿಲಲ್ಲಿ ಪೆನ್ಸಿಲಿನ ಚೀಲ. ಡಾಕ್ಟರು ಕ್ಷಮೆ ಕೇಳಲು ಬಾಯಿ ತೆರೆದರು.

"ಈಗ ಏನೂ ಮಾತಾಡಬೇಡಿ," ಎಂದರು ಹೆಂಡತಿ. "ನೀವು ಮಾತಾಡಿದ್ರೆ ನನ್ನ ಕೈ ಬರೆಯುತ್ತೆ. ಕೈನ ಪರೀಕ್ಷೆಗೆ ಉಳಿಸ್ಕೋಬೇಕು."

ಸ್ವಲ್ಪ ದೂರ ಹೋದ ಮೇಲೆ ಗ್ಯಾರೇಜಿನಕ್ಕ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದರು: "ಮನೇಲಿ ಕೈ ಹಾಕಿದ್ದು ಯಾರು ಸಾರ್?"

ಮನೆಯಲ್ಲೇ ಹಲ್ಲು ಕೆದಕಿಕೊಂಡು ಕ್ಲಿನಿಕ್ಕಿಗೆ ಬಂದವರಿಗೆ ಇದೇ ಪ್ರಶ್ನೆಯನ್ನು ಡಾಕ್ಟರು ಸಾವಿರ ಸಲ ಕೇಳಿದ್ದರು. ಸಾವಿರ ಸಲವೂ ಬಂದ ಉತ್ತರವೇ ಈಗ ಅವರ ಬಾಯಿಗೆ ಬಂತು: "ನಾನಲ್ಲ. ನನ್ನ ಸ್ನೇಹಿತರೊಬ್ಬರು."

"ಹೌದಾ? ನಿಮ್ಮ ಸ್ನೇಹಿತರ ಕನ್ನಡಕ ನಿಮ್ಮ ಹಣೆ ಮೇಲೇ ಉಳ್ಕೊಂಡಿದೆ, ಕೊಟ್ಟುಬಿಡಿ."

ಹೆಂಡತಿಯ ತುಟಿಯಂಚಿನಲ್ಲಿ ಅಂದು ಮೊದಲ ಸಲ ಏನೋ ಅಲುಗಿತು. ಅದು ನಗುವೋ ಅಲ್ಲವೋ ಎಂದು ತೀರ್ಮಾನವಾಗುವ ಮೊದಲೇ ಲಾರಿ ಪರೀಕ್ಷೆಯ ಕಟ್ಟಡದ ಮುಂದೆ ನಿಂತಿತು. ಒಂದೂ ಇಪ್ಪತ್ತೊಂಬತ್ತು! ಅಭ್ಯರ್ಥಿಗಳನ್ನು ಬಿಡಲು ಬಂದು ಮೆಟ್ಟಿಲ ಮೇಲಿದ್ದವರೆಲ್ಲ ಬಾಯಿಬಿಟ್ಟು ನೋಡುತ್ತಿರಲು, ಮೂರು ಚಕ್ರದ ಕಾರನ್ನು ಹೊತ್ತ ಲಾರಿಯಿಂದ ಇಸ್ತ್ರಿ ಸೀರೆಯ ಹೆಂಗಸು ಧುಮುಕಿ, ಚೀಲ ಎದೆಗವಚಿಕೊಂಡು ಓಡಿದರು. ಬಾಗಿಲು ಮುಚ್ಚುತ್ತಿದ್ದವನ ತೋಳಿನ ಕೆಳಗಿನಿಂದ ನುಸುಳಿದ್ದು ಡಾಕ್ಟರಿಗೆ ಕಾಣಿಸಿತು. ಹೋದ ಉಸಿರು ವಾಪಸ್ ಬಂತು.

ಗ್ಯಾರೇಜಿನಲ್ಲಿ ಗ್ಯಾರೇಜಿನಕ್ಕ ಮೊದಲು ಕ್ಯಾಲಿಪರಿನಿಂದ ಹತ್ತಿಯುಂಡೆ ತೆಗೆದು ಒಂದು ಕ್ಷಣ ಅದನ್ನು ದಿಟ್ಟಿಸಿದರು. ಆಮೇಲೆ ಡಾಕ್ಟರು ಕಿತ್ತಿದ್ದ ಹಳೆಯ ಪ್ಯಾಡುಗಳನ್ನು ಒರೆಸಿ, ಅಳೆದು, ಬೆಂಚಿನ ಮೇಲಿಟ್ಟರು.

"ಇದನ್ನ ಯಾಕೆ ಬದಲಾಯಿಸೋಕೆ ಹೊರಟ್ರಿ? ಮುಕ್ಕಾಲು ಭಾಗ ಹಾಗೇ ಇದೆ. ಇನ್ನೂ ಎಷ್ಟೋ ವರ್ಷ ಬರುತ್ತೆ."

"ಮತ್ತೆ ಆ ಸದ್ದು?"

ಆಕೆ ಡಿಸ್ಕಿನ ಮೇಲೆ ಬೆರಳು ಎಳೆದು ತೋರಿಸಿದರು. ಕೆಂಪು ಪುಡಿ. "ತುಕ್ಕು. ಈ ಗಾಡೀಲಿ ಕಾಲು ತೆಗೆದ್ರೆ ಮೋಟಾರೇ ವೇಗ ಇಳಿಸಿಬಿಡುತ್ತೆ, ಗೊತ್ತಲ್ಲ? ನೀವು ಎಷ್ಟು ಮೆತ್ತಗೆ ಓಡಿಸ್ತೀರಿ ಅಂದ್ರೆ ಪ್ಯಾಡು ಡಿಸ್ಕನ್ನ ಮುಟ್ಟೋದೇ ಇಲ್ಲ. ರಾತ್ರಿ ತೇವಕ್ಕೆ ತುಕ್ಕು ಕೂರುತ್ತೆ, ಬೆಳಿಗ್ಗೆ ಕರಕರ ಅನ್ನುತ್ತೆ. ಬ್ರೇಕ್ ಸವೆದು ಹಾಳಾಗಿಲ್ಲ ಸಾರ್, ಸವೆಯದೆ ಹಾಳಾಗಿದೆ. ಹಲ್ಲಿನ ಹಾಗೇ ಇದು. ದಿನಾ ಉಜ್ಜಬೇಕು. ಉಜ್ಜದಿದ್ರೆ ಪಾಚಿ ಕಟ್ಟಲ್ವಾ? ಅಂದಹಾಗೆ, ನೀವೇನು ಕೆಲಸ ಮಾಡೋದು?"

ಡಾಕ್ಟರು ಹಸಿರು ಅಂಗಿಯ ಗುಂಡಿ ತಿರುವುತ್ತ ನೆಲ ನೋಡಿದರು. "ಹೀಗೇ... ಉಜ್ಜಿ ಅಂತ ಜನರಿಗೆ ಹೇಳೋ ಕೆಲಸ."

ಅವರು ಕೊಂಡುತಂದಿದ್ದ ಹೊಸ ಪ್ಯಾಡುಗಳು ಪೆಟ್ರೋಲು ಮಾತ್ರದ ಮಾದರಿಯವೆಂದೂ, ಇಡೀ ದಿನ ಕುಟ್ಟಿದ್ದರೂ ಈ ಕಾರಿಗೆ ಕೂರುತ್ತಿರಲಿಲ್ಲವೆಂದೂ ಅದೇ ಹೊತ್ತಿಗೆ ಗೊತ್ತಾಯಿತು. ಗ್ಯಾರೇಜಿನಕ್ಕ ಡಿಸ್ಕುಗಳ ತುಕ್ಕು ಉಜ್ಜಿ, ಚಿಮ್ಮಿದ್ದ ಬಿರಡೆಯ ಜಾಗಕ್ಕೆ ತಮ್ಮಲ್ಲಿದ್ದ ಇನ್ನೊಂದನ್ನು ಕೂರಿಸಿ, ಹೊಸ ಎಣ್ಣೆ ತುಂಬಿ, ಕಂಪ್ಯೂಟರ್ ಸಿಕ್ಕಿಸಿ ಪಂಪಿನ ಗಾಳಿ ತೆಗೆದರು. ಕೇಳಿದ ಹಣ ಟೈ ಕಟ್ಟಿದವನ ಪಟ್ಟಿಯ ಐದನೇ ಒಂದು ಪಾಲೂ ಇರಲಿಲ್ಲ. ಅದರಲ್ಲೂ ಮುಕ್ಕಾಲು ಡಾಕ್ಟರ 'ಸ್ನೇಹಿತರು' ಮಾಡಿದ ಕೆಲಸವನ್ನು ಅಳಿಸಲು ಹೋಯಿತು.

ಸಂಜೆ ಐದಕ್ಕೆ ಹೆಂಡತಿ ನಡೆದುಕೊಂಡು ಗ್ಯಾರೇಜಿಗೆ ಬಂದರು. ಬೆರಳಿಗೆಲ್ಲ ಪೆನ್ಸಿಲಿನ ಮಸಿ.

"ಹೇಗಾಯ್ತು?" ಡಾಕ್ಟರು ಬೆಂಚಿನ ಬಳಿಯಿಂದ ಎದ್ದು ಬಂದರು.

"ಮೊದಲ ಎರಡು ನಿಮಿಷ ಭಯ ಆಯ್ತು. ಆಮೇಲೆ ಬೆಳಿಗ್ಗೆ ಫೋನಲ್ಲಿ ನೀವು ಬಡಬಡಿಸಿದ ವೇಗ ನೆನಪಾಯ್ತು. ಅದನ್ನೇ ಬರೆದಿದೀನಿ, ಇದೇನು ಮಹಾ ಅನ್ನಿಸ್ತು. ಒಂದು ಪದಾನೂ ಬಿಡಲಿಲ್ಲ."

ಡಾಕ್ಟರಿಗೆ ಹೇಳಲು ಏನೇನೋ ಇತ್ತು. "ನನ್ನದು ತಪ್ಪಾಯ್ತು ಕಣೇ," ಎಂದರು. ಅಷ್ಟು ಚಿಕ್ಕ ವಾಕ್ಯವನ್ನು ಅವರು ಮನೆಯಲ್ಲಿ ಬಳಸಿದ್ದು ಅಪರೂಪ. ಹೆಂಡತಿಯ ಬೆರಳುಗಳು ಅದನ್ನೂ ಗಾಳಿಯಲ್ಲಿ ಬರೆದುಕೊಂಡವು.

ಗ್ಯಾರೇಜಿನಕ್ಕ ಕೀ ಹಿಡಿದು ಬಂದರು. "ಮೇಡಂ, ನೀವು ಓಡಿಸ್ತೀರಾ?"

"ಓಡಿಸ್ತೀನಿ. ಆದ್ರೆ ಇವರು ಬಿಡಲ್ಲ. ನಾನು ಗಕ್ ಅಂತ ನಿಲ್ಲಿಸ್ತೀನಂತೆ."

"ಗಕ್ಕಾ?" ಗ್ಯಾರೇಜಿನಕ್ಕನ ಕಣ್ಣು ಅರಳಿತು. "ಈ ಗಾಡಿಗೆ ಅದೇ ಔಷಧಿ! ದಿನಾ ನಾಲ್ಕು ಸಲ ಗಕ್ ಅನ್ನಿಸಿದ್ರೆ ತುಕ್ಕು ಹತ್ತಿರ ಬರಲ್ಲ. ಇನ್ನು ಮೇಲೆ ನೀವೇ ಓಡಿಸಿ."

ಕೀ ಡಾಕ್ಟರ ಮೂಗಿನ ಮುಂದೆಯೇ ದಾಟಿ ಹೆಂಡತಿಯ ಕೈ ಸೇರಿತು. ಮೊದಲ ಸಿಗ್ನಲ್: ಗಕ್! ಎಲೆಗಳೆಲ್ಲ ಉದುರಿದವು. ಎರಡನೆಯದು: ಗಕ್! ಪಕ್ಕದ ಸೀಟಿನಲ್ಲಿ ಡಾಕ್ಟರು ಕಣ್ಣು ಮುಚ್ಚಿ ಬಲಗಾಲನ್ನು ನೆಲಕ್ಕೆ ಒತ್ತಿಹಿಡಿದರು. ಮನೆ ತಲುಪುವ ಹೊತ್ತಿಗೆ ಕಾರು ಹೊಸದರಂತೆ ನಿಶ್ಶಬ್ದ.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ದೊಡ್ಡ ಕೋರ್ಟು, ಸ್ವಂತ ಮೇಜು, ಸ್ವಂತ ಕಿಟಕಿ. ಈಗ ಪ್ರತಿ ಬೆಳಿಗ್ಗೆ ಆಕೆ ಡಾಕ್ಟರನ್ನು ಕ್ಲಿನಿಕ್ಕಿನ ಬಾಗಿಲಲ್ಲಿ ಗಕ್ ಎಂದು ಇಳಿಸಿ ಮುಂದೆ ಹೋಗುತ್ತಾರೆ. ಹೀಗೆ ಆರು ತಿಂಗಳಾದ ಮೇಲೆ ಇಬ್ಬರೂ ಕಾರನ್ನು ತೋರಿಸಲು ಗ್ಯಾರೇಜಿಗೆ ಹೋದರು. ಗ್ಯಾರೇಜಿನಕ್ಕ ನಾಲ್ಕೂ ಚಕ್ರ ಬಿಚ್ಚಿ ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಕನ್ನಡಿ ಇದ್ದ ಹಾಗಿದೆ ಮೇಡಂ! ಒಂದು ಚುಕ್ಕಿ ತುಕ್ಕಿಲ್ಲ. ನಿಮ್ಮ ಬ್ರೇಕಿಗೆ ಏನೂ ಮಾಡಬೇಕಾಗಿಲ್ಲ."

ಆಮೇಲೆ ಒಳಗಡೆ ಒಮ್ಮೆ ನೋಡೋಣವೆಂದು ಚಾಲಕರ ಪಕ್ಕದ ಸೀಟಿನ ಬಾಗಿಲು ತೆಗೆದು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಕೈಯಲ್ಲಿ ಡಾಕ್ಟರು ಕಾಲಿಡುವ ಜಾಗದ ರಬ್ಬರ್ ಮ್ಯಾಟು. ಬಲಗಾಲು ಬರುವ ಕಡೆ ಅದು ಸವೆದು, ಹರಿದು, ಆಚೆಯ ಬೆಳಕು ಕಾಣುವಷ್ಟು ದೊಡ್ಡ ತೂತಾಗಿತ್ತು. ಆಕೆ ಅದನ್ನು ಎತ್ತಿ ಹಿಡಿದು, ತೂತಿನ ಮೂಲಕವೇ ಡಾಕ್ಟರ ಮುಖ ನೋಡಿದರು.

"ಸಾರ್, ಬದಲಾಯಿಸಬೇಕಾಗಿರೋದು ನಿಮ್ಮ ಈ ಬ್ರೇಕು. ನಾನೇ ಹಾಕ್ಕೊಡ್ಲಾ, ಇಲ್ಲ ಮನೇಲೇ ಮಾಡ್ಕೋತೀರಾ?"